ಅಮಿಗಾದಲ್ಲಿ ಬಿಟ್‌ಪ್ಲೇನ್ ನಕಲು: ಬ್ಲಿಟ್‌ಬಿಟ್‌ಮ್ಯಾಪ್ ಬಳಸುವ ಬಗೆ

ಕಮೊಡೋರ್ ಕಂಪನಿಯ ಹಳೆಯ ಕಂಪ್ಯೂಟರ್ ಅಮಿಗಾದಲ್ಲಿ ಪಿಕ್ಸೆಲ್‌ನ ಬಣ್ಣದ ಸಂಖ್ಯೆ ಒಂದೇ ಕಡೆ ಇರುವುದಿಲ್ಲ, ಅದರ ಒಂದೊಂದು ಬಿಟ್ ಒಂದೊಂದು ಪ್ಲೇನ್‌ನಲ್ಲಿ (ಪಿಕ್ಸೆಲ್‌ಗೆ ಒಂದೇ ಬಿಟ್ ಇಡುವ ಮೆಮೊರಿ ಪದರದಲ್ಲಿ) ಇರುತ್ತದೆ. 32 ಬಣ್ಣ ಬೇಕೆಂದರೆ 5 ಪ್ಲೇನ್. 320×256 ಚಿತ್ರದ ಒಂದು ಪ್ಲೇನ್‌ಗೆ ಸಾಲಿಗೆ 40 ಬೈಟ್‌ನಂತೆ 10,240 ಬೈಟ್, ಐದಕ್ಕೆ 51,200. ನಕಲು ಮಾಡುವಾಗ ಮೂಲ, ಗುರಿ ಎರಡೂ ಚಿಪ್ ರ್ಯಾಮ್‌ನಲ್ಲಿ, ಅಂದರೆ ಗ್ರಾಫಿಕ್ಸ್ ಚಿಪ್‌ಗಳೂ ತಲುಪಬಲ್ಲ ಮೆಮೊರಿಯಲ್ಲಿ ಇರಬೇಕು. ನಕಲು ಕೆಲಸ ಮಾಡುವ ಹಾರ್ಡ್‌ವೇರ್ ಭಾಗವಾದ ಬ್ಲಿಟರ್, ಸಿಪಿಯುಗೆ ಮಾತ್ರ ಸಿಗುವ ಫಾಸ್ಟ್ ರ್ಯಾಮನ್ನು ಮುಟ್ಟಲಾರದು. ಫಾಸ್ಟ್ ರ್ಯಾಮ್ ಇಲ್ಲದ ಯಂತ್ರದಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಬರೀ ಕಸ ತೋರಿಸಿದರೆ ಮೊದಲು ಇದನ್ನೇ ನೋಡಿ.

ಗ್ರಾಫಿಕ್ಸ್ ಲೈಬ್ರರಿಯ ನಕಲು ರೂಟೀನ್ ಬ್ಲಿಟ್‌ಬಿಟ್‌ಮ್ಯಾಪ್‌ಗೆ ಹನ್ನೊಂದು ಆರ್ಗ್ಯುಮೆಂಟ್‌ಗಳು: ಮೂಲ ಬಿಟ್‌ಮ್ಯಾಪ್ (ಒಂದು ಚಿತ್ರದ ಪ್ಲೇನ್‌ಗಳ ಗುಂಪು), ಅದರಲ್ಲಿ ಎಕ್ಸ್ ಮತ್ತು ವೈ, ಗುರಿ ಬಿಟ್‌ಮ್ಯಾಪ್, ಅಲ್ಲಿನ ಎಕ್ಸ್ ಮತ್ತು ವೈ, ಅಗಲ, ಎತ್ತರ, ಕೊನೆಗೆ ಮಿನ್‌ಟರ್ಮ್, ಮಾಸ್ಕ್, ಟೆಂಪ್‌ಎ. ಮೊದಲ ಎಂಟು ಯಾರಿಗೂ ತಲೆನೋವಲ್ಲ. ಹಳೆಯ ಚಿಪ್‌ಸೆಟ್‌ನಲ್ಲಿ ಅಗಲ 976, ಎತ್ತರ 1023 ದಾಟಬಾರದು, ಅಷ್ಟೇ.

ಮಿನ್‌ಟರ್ಮ್ ಎಂದರೆ ಮೂಲ ಮತ್ತು ಗುರಿಯ ಬಿಟ್‌ಗಳನ್ನು ಹೇಗೆ ಬೆರೆಸಬೇಕೆಂದು ಹೇಳುವ ಸಂಖ್ಯೆ. 192 ಕೊಟ್ಟರೆ ನೇರ ನಕಲು. 48 ಮೂಲದ ಬಿಟ್‌ಗಳನ್ನು ತಿರುವುಮುರುವು ಮಾಡಿ (0 ಇದ್ದರೆ 1, 1 ಇದ್ದರೆ 0) ಬರೆಯುತ್ತದೆ. 80 ಮೂಲವನ್ನು ಲೆಕ್ಕಿಸದೆ ಗುರಿಯ ಬಿಟ್‌ಗಳನ್ನೇ ಹಾಗೆ ತಿರುವುತ್ತದೆ. 96 ಎಂದರೆ ಎಕ್ಸಾರ್ (ಎರಡು ಬಿಟ್ ಬೇರೆಯಾದರೆ 1, ಒಂದೇ ಆದರೆ 0): ಅದೇ ಬ್ಲಿಟ್, ಅಂದರೆ ಬ್ಲಿಟರ್‌ನ ನಕಲು, ಇನ್ನೊಮ್ಮೆ ಮಾಡಿದರೆ ಹಳೆಯ ಚಿತ್ರ ವಾಪಸ್ ಬರುತ್ತದೆ. ಯಾವ ಪ್ಲೇನ್‌ಗಳು ನಕಲಾಗಬೇಕೆಂದು ಹೇಳುವ ಮಾಸ್ಕ್‌ನಲ್ಲಿ ಪ್ಲೇನ್‌ಗೊಂದು ಬಿಟ್. 255 ಎಂದರೆ ಎಲ್ಲವೂ, 1 ಎಂದರೆ ಪ್ಲೇನ್ 0 ಮಾತ್ರ, 4 ಎಂದರೆ ಪ್ಲೇನ್ 2 ಮಾತ್ರ. ತಾತ್ಕಾಲಿಕ ಬಫರ್‌ನ ವಿಳಾಸವಾದ ಟೆಂಪ್‌ಎ ಸೊನ್ನೆ ಇದ್ದರೂ ನಡೆಯುತ್ತದೆ. ಒಂದೇ ಬಿಟ್‌ಮ್ಯಾಪ್‌ನೊಳಗೆ ಎಡಕ್ಕೋ ಬಲಕ್ಕೋ ಸರಿಸುವಾಗ ಬಫರ್ ಬೇಕಾದರೆ ಸಿಸ್ಟಮ್ ತಾನೇ ಪಡೆದು ಬಿಡುಗಡೆ ಮಾಡುತ್ತದೆ. ಪ್ರತಿ ಫ್ರೇಮ್‌ಗೂ ಸ್ಕ್ರೋಲ್ ಮಾಡುವವರು ಮಾತ್ರ ಚಿಪ್ ರ್ಯಾಮ್‌ನಲ್ಲಿ ಒಂದು ಸಾಲಿನಷ್ಟು ಬಫರ್ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಬಣ್ಣ ಕೆಡುವುದು ಹೆಚ್ಚಾಗಿ ಪ್ಲೇನ್‌ಗಳ ಸಂಖ್ಯೆ ಹೊಂದದಿದ್ದಾಗ. 3 ಪ್ಲೇನ್‌ನ ಚಿತ್ರವನ್ನು 5 ಪ್ಲೇನ್‌ನ ಪರದೆಗೆ ಹಾಕಿದರೆ ಮೂರೇ ನಕಲಾಗುತ್ತವೆ. ಪ್ಲೇನ್ 3 ಮತ್ತು 4ರಲ್ಲಿ ಹಳೆಯ ಬಿಟ್‌ಗಳು ಹಾಗೇ ಉಳಿದು, ಬಣ್ಣ 2 ಇರಬೇಕಾದ ಕಡೆ 10, 18 ಅಥವಾ 26 ಕಾಣುತ್ತದೆ. ಪರಿಹಾರ ಸುಲಭ: ಪರದೆಯ ಬಿಟ್‌ಮ್ಯಾಪನ್ನೇ ಮೂಲವಾಗಿಯೂ ಗುರಿಯಾಗಿಯೂ ಕೊಟ್ಟು, ಅದೇ ಆಯತಕ್ಕೆ ಮಿನ್‌ಟರ್ಮ್ 0, ಮಾಸ್ಕ್ 24 ಇಟ್ಟು ಇನ್ನೊಂದು ಬ್ಲಿಟ್ ಮಾಡಿ. ಆ ಎರಡು ಪ್ಲೇನ್ ಅಷ್ಟು ಜಾಗದಲ್ಲಿ ಸೊನ್ನೆಯಾಗುತ್ತವೆ.

ಪ್ಲೇನ್ 0 ಅನ್ನು ಪ್ಲೇನ್ 2ಕ್ಕೆ ಹಾಕಬೇಕೇ? ಮಾಸ್ಕ್‌ನಿಂದ ಆಗದು, ಅದು ಎರಡೂ ಕಡೆ ಒಂದೇ ಸಂಖ್ಯೆಯ ಪ್ಲೇನ್ ಹಿಡಿಯುತ್ತದೆ. ಬಿಟ್‌ಮ್ಯಾಪ್‌ನ ವಿವರ ತುಂಬುವ ಇನಿಟ್‌ಬಿಟ್‌ಮ್ಯಾಪ್ ರೂಟೀನ್‌ನಿಂದ ಒಂದೇ ಪ್ಲೇನ್‌ನ ತಾತ್ಕಾಲಿಕ ಬಿಟ್‌ಮ್ಯಾಪ್ ಸಿದ್ಧಪಡಿಸಿ, ಗುರಿಯ ಪ್ಲೇನ್ 2ರ ಪಾಯಿಂಟರನ್ನು ಅದರ ಮೊದಲ ಪ್ಲೇನ್ ಜಾಗದಲ್ಲಿಟ್ಟು, ಅದಕ್ಕೆ ಬ್ಲಿಟ್ ಮಾಡಿ. ಗುರಿ ಇಂಟರ್‌ಲೀವ್ಡ್ ಆಗಿದ್ದರೆ (ಎಲ್ಲ ಪ್ಲೇನ್‌ಗಳ ಸಾಲುಗಳು ಮೆಮೊರಿಯಲ್ಲಿ ಸರದಿಯಂತೆ ಬೆರೆತಿದ್ದರೆ) ಸಾಲಿನ ಬೈಟ್‌ಗಳ ಸಂಖ್ಯೆಯನ್ನೂ ಅದರಿಂದಲೇ ನಕಲಿಸಿ, ಇಲ್ಲವಾದರೆ ಸಾಲುಗಳು ಕಲಸಿಹೋಗುತ್ತವೆ. ಗ್ರಾಫಿಕ್ಸ್ ಕಾರ್ಡ್‌ನ ಬಿಟ್‌ಮ್ಯಾಪ್‌ಗಳಿಗೆ ಈ ಉಪಾಯ ಬಳಸಬೇಡಿ.

ಬ್ಲಿಟ್‌ಬಿಟ್‌ಮ್ಯಾಪ್ ಅಂಚು ಕತ್ತರಿಸುವುದಿಲ್ಲ. ಆಯತ ಬಿಟ್‌ಮ್ಯಾಪ್‌ನ ಆಚೆ ಹೋದರೆ ಬೇರೆಯವರ ಮೆಮೊರಿಗೆ ಬರೆದುಬಿಡುತ್ತದೆ. ವಿಂಡೋ ಒಳಗೆ ಬರೆಯಲು ಬ್ಲಿಟ್‌ಬಿಟ್‌ಮ್ಯಾಪ್‌ರಾಸ್ಟ್‌ಪೋರ್ಟ್ ಇದೆ. ಜೊತೆಗೆ, ಕರೆ ಮರಳಿತೆಂದರೆ ನಕಲು ಮುಗಿಯಿತು ಎಂದಲ್ಲ, ಬ್ಲಿಟರ್ ಇನ್ನೂ ಓಡುತ್ತಿರಬಹುದು. ಮೂಲ ಬಿಟ್‌ಮ್ಯಾಪ್‌ನ ಮೆಮೊರಿ ಬಿಡುವ ಮೊದಲು, ಪ್ಲೇನ್‌ಗಳನ್ನು ಸಿಪಿಯುನಿಂದ ಓದುವ ಅಥವಾ ಬರೆಯುವ ಮೊದಲು, ಬ್ಲಿಟರ್ ಮುಗಿಸುವವರೆಗೆ ಕಾಯುವ ವೇಟ್‌ಬ್ಲಿಟ್ ಕರೆಯಿರಿ.