ಪೋರ್ಟಬಲ್ ಟೇಬಲ್ ಸಾ ಯಂತ್ರದಲ್ಲಿ ಸಂದು ಕೂಡುವಂತೆ ಕೊಯ್ಯುವ ಕ್ರಮ

ಕಲಬುರಗಿಯಲ್ಲಿ ಮನೆ ಕಟ್ಟುವ ಸ್ಥಳಕ್ಕೇ ಟೇಬಲ್ ಸಾ (ಮೇಜಿನ ಸೀಳಿನಿಂದ ಗರಗಸದ ಚಕ್ರ ಮೇಲೆದ್ದು ತಿರುಗುವ ಯಂತ್ರ) ಒಯ್ದು ಕೆಲಸ ಮಾಡುವವರು ಮೊದಲು ನೆಲ ನೋಡಬೇಕು. ಶಹಾಬಾದ್ ಫರಸಿ ಹಾಸಿದ ನೆಲ ಕಣ್ಣಿಗೆ ಸಮವಾಗಿ ಕಂಡರೂ, ಎರಡು ಕಲ್ಲುಗಳ ಸಂದಿನಲ್ಲಿ ಸ್ಟ್ಯಾಂಡಿನ ಒಂದು ಕಾಲು ಎತ್ತರಕ್ಕೆ ನಿಂತರೆ ಕಟ್ಟಿಗೆ ದೂಡುವಾಗ ಯಂತ್ರ ಅಲುಗುತ್ತದೆ. ಹೀಗೆ ಅಲುಗುವ ಯಂತ್ರದಲ್ಲಿ ನಾನೊಮ್ಮೆ ಬೇವಿನ ಕಿಟಕಿ ಚೌಕಟ್ಟಿನ ಕೂಸುಗಳನ್ನು (ಕಿಂಡಿಯೊಳಗೆ ಕೂಡಿಸಲು ಕಟ್ಟಿಗೆಯ ತುದಿಯಲ್ಲಿ ಬಿಡುವ ನಾಲಿಗೆಗಳನ್ನು) ಕೊಯ್ದೆ. ನಾಲ್ಕೂ ಮೂಲೆಗಳಲ್ಲಿ ಭುಜದ (ಕೂಸು ಶುರುವಾಗುವ ಕಡೆಯ ಮೆಟ್ಟಿಲಿನ) ಬಳಿ ಕಾಗದ ತೂರುವಷ್ಟು ಸಂದು ಉಳಿಯಿತು. ಆ ಕಟ್ಟಿಗೆಯನ್ನೆಲ್ಲ ಗಿಡ್ಡ ಮಾಡಿ ಮತ್ತೆ ಕೊಯ್ಯಬೇಕಾಯಿತು. ಕಾಲಿನ ಕೆಳಗೆ ತೆಳುವಾದ ಪ್ಲೈವುಡ್ ತುಂಡು ಕೊಟ್ಟು ಅಲುಗಾಟ ನಿಂತ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಬೇಕು. ದೂರದಿಂದ ಕರೆಂಟ್ ಎಳೆಯುವುದಾದರೆ 2.5 ಚದರ ಮಿ.ಮೀ. ವೈರ್ ಇರಲಿ, ತೆಳು ವೈರಿನಲ್ಲಿ ವೋಲ್ಟೇಜ್ ಇಳಿದು ಬ್ಲೇಡಿನ ವೇಗ ಕುಗ್ಗುತ್ತದೆ, ಕಟ್ಟಿಗೆ ಸುಟ್ಟು ಕಪ್ಪಾಗುತ್ತದೆ.

ಪ್ಲಗ್ ತೆಗೆದು ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿರಿ. ಮೈಟರ್ ಸ್ಲಾಟಿನಿಂದ (ಮೇಜಿನ ಮೇಲಿರುವ ಉದ್ದನೆಯ ತೋಡಿನಿಂದ) ಆ ಹಲ್ಲಿಗಿರುವ ಅಂತರವನ್ನು ಮುಂದೆ ಅಳೆದು, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಎರಡೂ ಅಳತೆಗಳು 0.1 ಮಿ.ಮೀ. ಒಳಗೆ ಕೂಡಬೇಕು. ಫೆನ್ಸನ್ನು (ಕಟ್ಟಿಗೆ ಒತ್ತಿ ದೂಡಲು ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲಿಸುವ ಪಟ್ಟಿಯನ್ನು) ಸ್ಕೇಲ್ ನೋಡಿ ನಂಬದೆ, ಪ್ರತಿ ಸಲವೂ ಬ್ಲೇಡಿನ ಮುಂದೆಯೂ ಹಿಂದೆಯೂ ಅಳೆದೇ ಬಿಗಿ ಮಾಡಬೇಕು. ಬ್ಲೇಡು ಮೇಜಿಗೆ ಲಂಬವಾಗಿದೆಯೇ ಎಂದು ತಿಳಿಯಲು ಅಗಲವಾದ ರೀಪನ್ನು ಅದರ ಅಂಚಿನ ಮೇಲೆ ನಿಲ್ಲಿಸಿ ಅಡ್ಡ ಕೊಯ್ದು, ಒಂದು ತುಂಡನ್ನು ತಲೆಕೆಳಗು ಮಾಡಿ ಕೊಯ್ದ ಮುಖಗಳನ್ನು ಜೋಡಿಸಿ ನೋಡಿದರೆ ಸಾಕು. ದೋಷ ಎರಡು ಪಟ್ಟಾಗಿ ಬೆಳಕಿನಲ್ಲಿ ಕಾಣುತ್ತದೆ.

ಯಂತ್ರದ ಜೊತೆ ಬರುವ ಮೈಟರ್ ಗೇಜ್ (ಕಟ್ಟಿಗೆಯನ್ನು ಅಡ್ಡ ಹಿಡಿದು ದೂಡುವ ಸಾಧನ) ಸ್ಲಾಟಿನಲ್ಲಿ ಸಡಿಲವಾಗಿರುವುದರಿಂದ ಕೂಸಿನ ಭುಜ ಕೊಯ್ಯಲು ಅದು ಸಾಲದು. 12 ಮಿ.ಮೀ. ಪ್ಲೈವುಡ್‌ನ ಸ್ಲೆಡ್ (ಕಟ್ಟಿಗೆ ಇಟ್ಟು ಸ್ಲಾಟಿನುದ್ದಕ್ಕೂ ದೂಡುವ ಹಲಗೆ) ಮಾಡಿಕೊಂಡು, ಅದರ ಹಿಂಬದಿಯ ಪಟ್ಟಿಯನ್ನು ಒಂದು ತುದಿಯಲ್ಲಿ ಒಂದೇ ಸ್ಕ್ರೂ ಹಾಕಿ ನಿಲ್ಲಿಸಿ, ಇನ್ನೊಂದು ತುದಿಗೆ ಕ್ಲಾಂಪ್ ಹಾಕಿರಿ. ಪಟ್ಟಿ ಬ್ಲೇಡಿಗೆ ಸರಿಯಾಗಿ ಲಂಬವಾಗಿದೆಯೇ ಎಂದು ನೋಡಲು ಸುಮಾರು 400 ಮಿ.ಮೀ. ಚೌಕದ ಪ್ಲೈವುಡ್ ತೆಗೆದುಕೊಂಡು, ಆಗತಾನೇ ಕೊಯ್ದ ಅಂಚನ್ನು ಪ್ರತಿ ಸಲ ಪಟ್ಟಿಗೆ ಒತ್ತಿ ತಿರುಗಿಸುತ್ತ ನಾಲ್ಕೂ ಬದಿ ಕೊಯ್ಯಿರಿ. ಐದನೆಯ ಸಲ ಮೊದಲ ಬದಿಯನ್ನೇ ಮತ್ತೆ ಕೊಯ್ದು, ಬೀಳುವ ತೆಳು ಪಟ್ಟಿಯ ಎರಡೂ ತುದಿಗಳ ಅಗಲವನ್ನು ವರ್ನಿಯರ್‌ನಿಂದ ಅಳೆಯಿರಿ. ವ್ಯತ್ಯಾಸ 0.8 ಮಿ.ಮೀ. ಬಂದರೆ ನಿಜವಾದ ದೋಷ ಅದರ ನಾಲ್ಕನೆಯ ಒಂದು ಭಾಗ, ಅಂದರೆ 400 ಮಿ.ಮೀ. ಉದ್ದಕ್ಕೆ 0.2 ಮಿ.ಮೀ. ಬೈಕ್ ಮೆಕ್ಯಾನಿಕರು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜಿನ (ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಅಳತೆ ಸಾಧನದ) 0.2 ಮಿ.ಮೀ. ಎಲೆಯನ್ನು ಇಟ್ಟು, ಸ್ಕ್ರೂವಿನಿಂದ 400 ಮಿ.ಮೀ. ದೂರದಲ್ಲಿ ಪಟ್ಟಿಯನ್ನು ಅಷ್ಟೇ ಸರಿಸಿ ಮತ್ತೆ ಪರೀಕ್ಷಿಸಬೇಕು. ವ್ಯತ್ಯಾಸ ಇಮ್ಮಡಿಯಾದರೆ ಸರಿಸಿದ್ದು ತಪ್ಪು ದಿಕ್ಕಿಗೆ. ಈ ಕೆಲಸಕ್ಕೆ ಅರ್ಧ ದಿನ ಹೋದರೂ ಹೋಗಲಿ. ಇದರಷ್ಟು ಫಲ ಕೊಡುವ ಕೆಲಸ ಬೇರೊಂದಿಲ್ಲ.

ಭುಜದ ಅಳತೆಗೆ ಸ್ಲೆಡ್‌ನ ಪಟ್ಟಿಗೆ ಒಂದು ಕಟ್ಟಿಗೆ ತುಂಡನ್ನು ತಡೆಯಾಗಿ ಬಿಗಿಯಿರಿ. ಅದರ ಕೆಳಮೂಲೆಯನ್ನು ಉಳಿಯಿಂದ ಸ್ವಲ್ಪ ಸವರಿದರೆ ಹೊಟ್ಟು ಅಲ್ಲಿ ಕೂತು ಅಳತೆ ಕೆಡಿಸುವುದಿಲ್ಲ. ಫೆನ್ಸನ್ನೇ ತಡೆಯಾಗಿ ಬಳಸಿ ತುಂಡನ್ನು ಪೂರ್ತಿ ಕತ್ತರಿಸಬಾರದು; ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕ ತುಂಡು ಮೈಮೇಲೆ ಹಾರುತ್ತದೆ. ಕೈಗವಸು ಹಾಕಬೇಡಿರಿ.

ಕೂಸಿನ ದಪ್ಪ ಕಟ್ಟಿಗೆಯ ದಪ್ಪದ ಮೂರನೆಯ ಒಂದು ಭಾಗದಷ್ಟಿರಲಿ. ಚೌಕಟ್ಟಿನ ಕಟ್ಟಿಗೆಯಷ್ಟೇ ದಪ್ಪದ ಉಳಿಕೆ ತುಂಡನ್ನು ಸ್ಲೆಡ್ ಮೇಲೆ ಮಲಗಿಸಿ ಮೊದಲು ಎರಡೂ ಮುಖ ಕೊಯ್ದು ಕಿಂಡಿಗೆ ಕೂಡಿಸಿ ನೋಡಬೇಕು. ಕೂಸು 0.4 ಮಿ.ಮೀ. ದಪ್ಪವಾಗಿ ಉಳಿದಿದ್ದರೆ ಬ್ಲೇಡನ್ನು 0.2 ಮಿ.ಮೀ. ಮಾತ್ರ ಏರಿಸಬೇಕು, ಏಕೆಂದರೆ ಎರಡು ಮುಖಗಳಿಂದಲೂ ಅಷ್ಟಷ್ಟು ಹೋಗುತ್ತದೆ. ಅಂಗೈಯಿಂದ ಒತ್ತಿದಾಗ ಒಳಹೋಗಿ, ಚೌಕಟ್ಟನ್ನು ತಲೆಕೆಳಗು ಹಿಡಿದರೂ ಬೀಳದೆ ನಿಂತರೆ ಬ್ಲೇಡಿನ ಎತ್ತರಕ್ಕೆ ಮತ್ತೆ ಕೈ ಹಚ್ಚದೆ ಉಳಿದ ಕೂಸುಗಳನ್ನೆಲ್ಲ ಒಂದೇ ಸರದಿಯಲ್ಲಿ ಕೊಯ್ದು ಮುಗಿಸಿರಿ.