ನೀಲಿ ಪರದೆ ಮತ್ತೆ ಮತ್ತೆ ಬರುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಡ್ರೈವರ್ ಪರೀಕ್ಷಿಸಿ

ಗಂಗಾವತಿಯ ಅಕ್ಕಿ ಗಿರಣಿಯ ವೇಬ್ರಿಡ್ಜ್ ಕೋಣೆಯಾಗಲಿ, ಬಳ್ಳಾರಿಯ ಜೀನ್ಸ್ ಘಟಕದ ಬಿಲ್ಲಿಂಗ್ ಟೇಬಲ್ ಆಗಲಿ, ರಾಯಚೂರಿನ ಹತ್ತಿ ದಲಾಲರ ಅಂಗಡಿಯಾಗಲಿ, ಕಂಪ್ಯೂಟರ್ ಎರಡು ಮೂರು ಸಲ ನೀಲಿ ಪರದೆ ತೋರಿಸಿ ತಾನಾಗಿ ರೀಸ್ಟಾರ್ಟ್ ಆಯಿತೆಂದರೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಫಾರ್ಮ್ಯಾಟ್ ಹೊಡೆಸಿಬಿಡಿ’. ದೋಷ ಡ್ರೈವರಿನದಾಗಿದ್ದರೆ ಇದರಿಂದ ಪ್ರಯೋಜನವಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಅದೇ ಪೆನ್‌ಡ್ರೈವ್‌ನಲ್ಲಿರುವ ಅದೇ ಹಳೆಯ ಡ್ರೈವರ್ ಪ್ಯಾಕ್ ಮತ್ತೆ ಒಳಗೆ ಸೇರುತ್ತದೆ, ಅದರ ಬೆನ್ನಿಗೇ ನೀಲಿ ಪರದೆಯೂ ಮರಳುತ್ತದೆ. ಬ್ಯಾಕಪ್ ಇಲ್ಲದವರ ಲೆಕ್ಕಪತ್ರವಂತೂ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಆದ್ದರಿಂದ ಮೊದಲು ತಪ್ಪಿತಸ್ಥ ಡ್ರೈವರಿನ ಹೆಸರನ್ನು ಪತ್ತೆ ಮಾಡಬೇಕು, ಆಮೇಲೆ ಅದೊಂದನ್ನೇ ಸರಿಪಡಿಸಬೇಕು.

ಯಂತ್ರದ ಒಂದು ಭಾಗಕ್ಕೂ ವಿಂಡೋಸಿಗೂ ನಡುವೆ ನಿಂತು ಕೆಲಸ ಮಾಡಿಸುವ ತಂತ್ರಾಂಶವೇ ಡ್ರೈವರ್. ಬ್ರೌಸರ್ ಅಥವಾ ಟ್ಯಾಲಿ ಎಡವಿದರೆ ವಿಂಡೋಸ್ ಅದೊಂದನ್ನೇ ಮುಚ್ಚಿ ಉಳಿದದ್ದನ್ನು ಕಾಪಾಡಿಕೊಳ್ಳುತ್ತದೆ. ಆದರೆ ಬಹುಪಾಲು ಮುಖ್ಯ ಡ್ರೈವರುಗಳು ವಿಂಡೋಸಿನ ತಿರುಳಾದ ಕರ್ನಲ್‌ನೊಳಗೇ, ಅದರಷ್ಟೇ ಅಧಿಕಾರದಿಂದ ನಡೆಯುತ್ತವೆ. ಅಲ್ಲಿ ಒಂದು ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ, ಡೇಟಾ ಕೆಡದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಒಂದನ್ನು ಅದರ ಡ್ರೈವರ್ ಓದಿದ್ದರಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವು, ವಿಮಾನಯಾನವೂ ಅಸ್ತವ್ಯಸ್ತವಾಯಿತು. ಅಂದು ಯಂತ್ರಗಳನ್ನು ಸರಿಪಡಿಸಿದ ಬಗೆಯನ್ನು ಗಮನಿಸಬೇಕು: ಮೂಲ ಡ್ರೈವರುಗಳಷ್ಟೇ ನಡೆಯುವ ಸೇಫ್ ಮೋಡ್‌ನಲ್ಲಿ ತೆರೆದು ಆ ಅಪ್‌ಡೇಟಿನ ಒಂದು ಕಡತವನ್ನು ಅಳಿಸಿದರೆ ಸಾಕಾಗುತ್ತಿತ್ತು.

ಮೊದಲ ಹೆಜ್ಜೆಯಾಗಿ, ನೀಲಿ ಪರದೆ ಓದಲು ಸಿಗುವಷ್ಟು ಹೊತ್ತು ನಿಲ್ಲುವಂತೆ ಮಾಡಿ. ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ಅಲ್ಲಿಂದ ‘ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್’ ತೆರೆದು, ‘ಸ್ಟಾರ್ಟಪ್ ಅಂಡ್ ರಿಕವರಿ’ ವಿಭಾಗದ ‘ಸೆಟ್ಟಿಂಗ್ಸ್’ನಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ಬಂದಾಗ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಪರದೆ ಕಪ್ಪು ಬಣ್ಣದಲ್ಲಿರುತ್ತದೆ, ಮಾಹಿತಿ ಮಾತ್ರ ಅದೇ. ದೋಷದ ಬಗೆಯನ್ನು ಹೇಳುವ ‘ಸ್ಟಾಪ್ ಕೋಡ್’ ಕೆಳಗೆ ‘ವಾಟ್ ಫೇಲ್ಡ್’ ಎಂಬ ಸಾಲು ಇದ್ದು, ಅದರ ಮುಂದೆ ‘ಡಾಟ್ ಎಸ್‌ವೈಎಸ್’ ಎಂದು ಮುಗಿಯುವ ಕಡತದ ಹೆಸರಿದ್ದರೆ ಅರ್ಧ ಕೆಲಸ ಮುಗಿದಂತೆ. ಎನ್‌ವಿ ಅಕ್ಷರಗಳಿಂದ ಶುರುವಾಗುವ ‘ಎನ್‌ವಿಎಲ್‌ಡಿಡಿಎಂಕೆಎಂ’ ಎನ್‌ವಿಡಿಯಾ ಗ್ರಾಫಿಕ್ಸಿನದು, ‘ಐಜಿಡಿಕೆಎಂಡಿ64’ ಇಂಟೆಲ್ ಗ್ರಾಫಿಕ್ಸಿನದು, ‘ಆರ್‌ಟಿ640ಎಕ್ಸ್64’ ರಿಯಲ್‌ಟೆಕ್ ಲ್ಯಾನ್ ಪೋರ್ಟಿನದು. ‘ಎನ್‌ಟಿಒಎಸ್‌ಕೆಆರ್‌ಎನ್‌ಎಲ್’ ಎಂದಿದ್ದರೆ ಅದು ವಿಂಡೋಸಿನ ಕರ್ನಲ್ಲೇ. ಬೇರೆ ಯಾರೋ ಮಾಡಿದ ತಪ್ಪಿಗೆ ಅದರ ಹೆಸರು ಬಂದಿರುವ ಸಾಧ್ಯತೆಯೇ ಹೆಚ್ಚು.

ಹೆಸರು ಕಾಣದಿದ್ದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ‘ಮಿನಿಡಂಪ್’ ಎಂಬ ಫೋಲ್ಡರ್ ಹುಡುಕಿ. ಯಂತ್ರ ಕುಸಿದಾಗಲೆಲ್ಲ ವಿಂಡೋಸ್ ಅಲ್ಲಿ ಒಂದು ಚಿಕ್ಕ ಕಡತ ಬರೆದಿಡುತ್ತದೆ. ನಿರ್‌ಸಾಫ್ಟ್‌ನ ಉಚಿತ ತಂತ್ರಾಂಶ ‘ಬ್ಲೂಸ್ಕ್ರೀನ್‌ವ್ಯೂ’ದಲ್ಲಿ ಈ ಕಡತಗಳನ್ನು ತೆರೆದರೆ ಪ್ರತಿ ಸಲವೂ ಸಂಶಯಕ್ಕೆ ಒಳಗಾದ ಡ್ರೈವರಿನ ಹೆಸರು ಸಾಲಾಗಿ ಕಾಣುತ್ತದೆ. ಒಂದೇ ಹೆಸರು ಪದೇ ಪದೇ ಬಂದಿದ್ದರೆ ಅದನ್ನೇ ಹಿಡಿಯಿರಿ. ಪ್ರತಿ ಸಲವೂ ಬೇರೆ ಬೇರೆ ಹೆಸರು ಬಂದಿದ್ದರೆ ಡ್ರೈವರನ್ನು ಬಿಟ್ಟು ರ‍್ಯಾಮ್ ಕಡೆ ಗಮನ ಕೊಡಬೇಕು. ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಎಂದು ಹುಡುಕಿ ಆ ಪರೀಕ್ಷೆಯನ್ನು ನಡೆಸಿ.

ನಮ್ಮ ಭಾಗದವರು ಇಲ್ಲಿ ಇನ್ನೊಂದು ಪರೀಕ್ಷೆಯನ್ನು ಮಾಡಲೇಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹತ್ತಿಯ ಎಳೆ, ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಕರೆಂಟಿನ ಏರಿಳಿತ ಇವೆಲ್ಲ ಸೇರಿ ಡ್ರೈವರಿನ ತಪ್ಪಿಲ್ಲದೆಯೂ ಯಂತ್ರವನ್ನು ನಿಲ್ಲಿಸಬಲ್ಲವು. ವಿಂಡೋಸಿನ ಘಟನೆಗಳ ದಾಖಲೆ ತೋರಿಸುವ ‘ಇವೆಂಟ್ ವ್ಯೂವರ್’ನ ‘ಸಿಸ್ಟಂ’ ಪಟ್ಟಿಯಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ಇದ್ದು, ಅದರ ವಿವರದಲ್ಲಿ ‘ಬಗ್‌ಚೆಕ್‌ಕೋಡ್’ 0 ಎಂದಿದ್ದು, ಮಿನಿಡಂಪ್ ಕಡತವೂ ಇಲ್ಲದಿದ್ದರೆ ಯುಪಿಎಸ್ ಬ್ಯಾಟರಿ, ಎಸ್‌ಎಂಪಿಎಸ್ (ಯಂತ್ರದೊಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮತ್ತು ಫ್ಯಾನ್‌ಗಳನ್ನು ಮೊದಲು ನೋಡಿಸಿ. ಧೂಳು ಕಟ್ಟಿದ ಫ್ಯಾನಿಗೆ ಯಾವ ಹೊಸ ಡ್ರೈವರೂ ಪರಿಹಾರವಲ್ಲ.

ಡ್ರೈವರಿನ ಹೆಸರು ಖಚಿತವಾದ ಮೇಲೆ ದುರಸ್ತಿಗೆ ಕೈಹಾಕಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆದು, ಆ ಸಾಧನದ ‘ಪ್ರಾಪರ್ಟೀಸ್’ನಲ್ಲಿ ‘ಡ್ರೈವರ್’ ಪುಟಕ್ಕೆ ಹೋಗಿ. ತೊಂದರೆ ಇತ್ತೀಚಿನ ಅಪ್‌ಡೇಟ್ ನಂತರ ಶುರುವಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದೊಡನೆ ಹಿಂದಿನ ಆವೃತ್ತಿ ಮರಳುತ್ತದೆ. ಹಿಂದಿನ ಆವೃತ್ತಿ ಯಂತ್ರದಲ್ಲಿ ಉಳಿದಿಲ್ಲದಿದ್ದರೆ ಆ ಬಟನ್ ಮಸುಕಾಗಿರುತ್ತದೆ. ಆಗ ಡ್ರೈವರನ್ನು ತೆಗೆದು ಸರಿಯಾದದ್ದನ್ನು ಹಾಕಬೇಕಾಗುತ್ತದೆ.

ಅನೇಕರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ವೈಫೈ ಅಥವಾ ಲ್ಯಾನ್ ಡ್ರೈವರ್ ತೆಗೆದ ಮೇಲೆ ಹೊಸದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ಟೇ ಇಲ್ಲದಂತಾಗಬಹುದು. ಆದ್ದರಿಂದ ತೆಗೆಯುವ ಮೊದಲೇ ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಹೆಸರು ಹಾಕಿ, ನಿಮ್ಮ ವಿಂಡೋಸ್ ಆವೃತ್ತಿಗೆ ಹೊಂದುವ ಡ್ರೈವರನ್ನು ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಬಳಿಕ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಜೊತೆಯಲ್ಲೇ ಕಾಣುವ, ಡ್ರೈವರ್ ಕಡತವನ್ನೂ ತೆಗೆಯುವ ಚೌಕಕ್ಕೆ ಟಿಕ್ ಹಾಕಿ. ಟಿಕ್ ಹಾಕದಿದ್ದರೆ ರೀಸ್ಟಾರ್ಟ್ ಆದೊಡನೆ ವಿಂಡೋಸ್ ಅದೇ ಕೆಟ್ಟ ಡ್ರೈವರನ್ನು ತನ್ನ ಸಂಗ್ರಹದಿಂದ ತೆಗೆದು ಮತ್ತೆ ಕೂರಿಸುತ್ತದೆ. ಹೊಸದನ್ನು ಹಾಕಿದ ಮೇಲೂ ವಿಂಡೋಸ್ ಅಪ್‌ಡೇಟ್ ಹಳೆಯದನ್ನೇ ತರುತ್ತಿದ್ದರೆ ಕೆಲಕಾಲ ಅಪ್‌ಡೇಟ್‌ಗಳನ್ನು ‘ಪಾಝ್’ ಮಾಡಿ, ಅಂದರೆ ತಡೆಹಿಡಿದಿಡಿ. ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಡ್ರೈವರ್ ಹೊಸದು ಮಾಡುತ್ತೇವೆ ಎನ್ನುವ ತಂತ್ರಾಂಶಗಳ ಹತ್ತಿರವೂ ಹೋಗಬೇಡಿ. ಹೊಂದದ ಡ್ರೈವರುಗಳು ಒಳಗೆ ಬರುವುದು ಹೆಚ್ಚಾಗಿ ಅವುಗಳ ಮೂಲಕವೇ.

ವೇಬ್ರಿಡ್ಜ್ ಇರುವವರಿಗೆ ಒಂದು ವಿಶೇಷ ಸೂಚನೆ. ತೂಕದ ಇಂಡಿಕೇಟರಿನಿಂದ ಕಂಪ್ಯೂಟರಿಗೆ ಬರುವ ಯುಎಸ್‌ಬಿ-ಸೀರಿಯಲ್ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಸಂಸ್ಥೆಯ ಪಿಎಲ್2303 ಚಿಪ್ ಅಥವಾ ಅದರ ನಕಲು ಇರುವುದುಂಟು. ಈ ಚಿಪ್‌ನ ಹಳೆಯ ಮಾದರಿಗಳಿಗೆ ಹೊಸ ವಿಂಡೋಸ್‌ನಲ್ಲಿ ಬೆಂಬಲವಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನದೊಂದಿಗೆ ‘ಕೋಡ್ 10’ ಕಾಣಿಸುತ್ತದೆ, ಇಲ್ಲವೇ ಆ ಚಿಪ್ 2012ರಿಂದ ಚಲಾವಣೆಯಲ್ಲಿಲ್ಲ ಎಂಬ ಬರಹವೇ ಸಾಧನದ ಹೆಸರಿನ ಜಾಗದಲ್ಲಿ ಬರುತ್ತದೆ. ಕೇಬಲ್ ನಡೆಯಲೆಂದು ವರ್ಷಾನುಗಟ್ಟಲೆ ಹಳೆಯ ಡ್ರೈವರನ್ನು ಬಲವಂತವಾಗಿ ಕೂರಿಸಿದರೆ, ಲೋಡಾದ ಲಾರಿ ತೂಕದ ಮೇಲೆ ನಿಂತಿರುವಾಗಲೇ ಯಂತ್ರ ಕುಸಿಯುವ ಅಪಾಯವಿದೆ. ಈಗಲೂ ಬೆಂಬಲವಿರುವ ಚಿಪ್‌ನ ಅಸಲಿ ಕೇಬಲ್ ಕೊಳ್ಳುವುದೇ ಇದಕ್ಕೆ ಸರಿಯಾದ ದಾರಿ. ತೂಕದ ತಂತ್ರಾಂಶ ತೆರೆದಿರುವಾಗ ಕೇಬಲ್ ಕೀಳಬೇಡಿ.

ಯಂತ್ರ ಡೆಸ್ಕ್‌ಟಾಪ್‌ವರೆಗೂ ಬರದಿದ್ದರೆ ಸೇಫ್ ಮೋಡ್ ಬಳಸಿ. ಲಾಗಿನ್ ಪರದೆ ಬಂದರೆ ಶಿಫ್ಟ್ ಕೀಲಿ ಒತ್ತಿ ಹಿಡಿದು ‘ರೀಸ್ಟಾರ್ಟ್’ ಕೊಡಿ. ಅದೂ ಬರದಿದ್ದರೆ, ವಿಂಡೋಸ್ ಶುರುವಾಗುತ್ತಿರುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವುದನ್ನು ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ತಾನಾಗಿ ತೆರೆಯುತ್ತದೆ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ದಾಟಿ ರೀಸ್ಟಾರ್ಟ್ ಮಾಡಿ 4 ಒತ್ತಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ಯಂತ್ರ ಇಲ್ಲಿ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಡುವುದು ಕ್ಷೇಮ. ಸೇಫ್ ಮೋಡ್‌ನಲ್ಲಿ ಮೂಲ ಡ್ರೈವರುಗಳು ಮಾತ್ರ ನಡೆಯುತ್ತವೆ. ಅಲ್ಲಿ ಗಂಟೆಗಟ್ಟಲೆ ಬಿಟ್ಟರೂ ಯಂತ್ರ ಕುಸಿಯದಿದ್ದರೆ, ಹೊರಗಿನಿಂದ ಹಾಕಿದ ಡ್ರೈವರ್ ಅಥವಾ ತಂತ್ರಾಂಶದ ಮೇಲಿನ ಸಂಶಯ ಗಟ್ಟಿಯಾಗುತ್ತದೆ.

ಇಷ್ಟಾದರೂ ಹೆಸರು ಸಿಗದಿದ್ದಾಗ ‘ಡ್ರೈವರ್ ವೆರಿಫೈಯರ್’ ಎಂಬ ಸಾಧನ ವಿಂಡೋಸ್‌ನಲ್ಲಿಯೇ ಇದೆ. ಅದು ಡ್ರೈವರುಗಳ ಮೇಲೆ ಬೇಕೆಂದೇ ಒತ್ತಡ ಹಾಕಿ ತಪ್ಪಿತಸ್ಥನನ್ನು ಬೀಳಿಸುವುದರಿಂದ ಅನುಭವಿಗಳ ಕೈಗೆ ಬಿಡುವುದು ಲೇಸು. ಹಿಂದಿನ ಸ್ಥಿತಿಗೆ ಮರಳಲು ನೆರವಾಗುವ ‘ರಿಸ್ಟೋರ್ ಪಾಯಿಂಟ್’ ಮಾಡದೆ ಅದನ್ನು ಚಾಲೂ ಮಾಡಬಾರದು.

ಸರಿಯಾದ ಡ್ರೈವರುಗಳನ್ನು ಹಾಕಿ, ಧೂಳು ತೆಗೆಸಿ, ರ‍್ಯಾಮ್ ಪರೀಕ್ಷಿಸಿದ ಮೇಲೂ ಪರದೆ ಬರುತ್ತಿದ್ದರೆ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಅಥವಾ ಡಿಸ್ಕ್ ಕೆಟ್ಟಿರಬಹುದು. ಸರ್ವಿಸ್‌ಗೆ ಕೊಡುವಾಗ ಪರದೆಯ ಫೋಟೊಗಳನ್ನೂ ಮಿನಿಡಂಪ್ ಫೋಲ್ಡರಿನ ಪ್ರತಿಯನ್ನೂ ಜೊತೆಗೆ ಕೊಡಿ. ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದೆಂದು ರಶೀದಿಯ ಮೇಲೆ ಬರೆಸಿಕೊಳ್ಳಿ.