ಅಮ್ಮನಿಗೆ ನನ್ನ ದನಿ ಕೇಳಿಸಿದ್ದು ಹೀಗೆ

ಸಂಜೆ ಏಳಕ್ಕೆ ಅಮ್ಮನಿಗೆ ವಾಟ್ಸಾಪ್ ಕಾಲ್ ಮಾಡುತ್ತೇನೆ. ಅದೇ ಹೊತ್ತಿಗೆ ಮನೆಯವರ ಫೋನುಗಳೆಲ್ಲ ಫೋಟೋ ಬ್ಯಾಕಪ್ ಶುರು ಮಾಡುತ್ತವೆ. "ಏನೂ ಕೇಳಿಸ್ತಿಲ್ಲ ಕಣೋ, ದನಿ ತುಂಡಾಗ್ತಿದೆ" ಅಂತ ಅಮ್ಮ ದಿನಾ ಹೇಳುತ್ತಿದ್ದರು. ತುಂಬಾ ಬೇಜಾರಾಗುತ್ತಿತ್ತು.

ಪ್ಲಾನ್ ಸಾಲದೇನೋ ಅಂದುಕೊಂಡೆ. ಆದರೆ ಒಂದು ಧ್ವನಿ ಕರೆಗೆ 100 ಕೆಬಿಪಿಎಸ್ ಇದ್ದರೆ ಸಾಕು. ನಮ್ಮ ಅಪ್‌ಲೋಡ್ 10 ಎಂಬಿಪಿಎಸ್, ಅಂದರೆ 10,000 ಕೆಬಿಪಿಎಸ್ ಇದೆ! ಪುಟ್ಟ ಸಂದೇಶವೊಂದು ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಪಿಂಗ್ ಹಾಕಿ ನೋಡಿದೆ. ಲೈನ್ ಖಾಲಿ ಇದ್ದಾಗ 20 ಮಿಲಿಸೆಕೆಂಡ್, ಫೋಟೋ ಹೋಗುವಾಗ 600. ಆಗ ಗೊತ್ತಾಯಿತು. ಮೋಡೆಮ್ ಫೋಟೋದ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ತುಣುಕುಗಳನ್ನು, ಉದ್ದಕ್ಕೆ ಸಾಲು ನಿಲ್ಲಿಸಿಕೊಳ್ಳುತ್ತದೆ. ಮಾತಿನ ಪುಟ್ಟ ಪ್ಯಾಕೆಟ್ಟೂ ಆ ಸಾಲಿನ ಕೊನೆಯಲ್ಲೇ ಕಾಯಬೇಕು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ.

ಹಳೇ ರೂಟರಿನಲ್ಲಿ ಕರೆಗೆ ಆದ್ಯತೆ ಕೊಟ್ಟು ನೋಡಿದ್ದೆ, ಉಪಯೋಗ ಆಗಲಿಲ್ಲ. ಸಾಲು ಇರುವುದು ಮೋಡೆಮ್‌ನಲ್ಲಿ, ಅಲ್ವಾ? ಅದನ್ನು ರೂಟರಿಗೇ ತರಬೇಕು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿದ ರೂಟರ್ ತಂದು, ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಸೇರಿಸಿ, ಅದರಲ್ಲಿ 'ಕೇಕ್' ಎಂಬ ವಿಧಾನ ಆರಿಸಿದೆ. ಅಪ್‌ಲೋಡ್ ಮಿತಿಯನ್ನು ಬೇಕಂತಲೇ 9000 ಕೆಬಿಪಿಎಸ್‌ಗೆ ಇಳಿಸಿದೆ. ಈಗ ಮೋಡೆಮ್‌ನಲ್ಲಿ ಸಾಲು ಬೆಳೆಯುವುದೇ ಇಲ್ಲ. ಕೇಕ್ ಒಂದೊಂದು ಹರಿವನ್ನೂ ಬೇರೆ ಮಾಡಿ, ಮಾತಿನಂಥ ಸಣ್ಣದಕ್ಕೆ ಬೇಗ ದಾರಿ ಬಿಡುತ್ತದೆ.

ಮೊದಲ ದಿನ ಏನೂ ಬದಲಾಗಲಿಲ್ಲ. ರೂಟರಿನಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಎಂಬ ಸೆಟ್ಟಿಂಗ್ ಆನ್ ಇತ್ತು. ಅದು ಪ್ಯಾಕೆಟ್‌ಗಳನ್ನು ಎಸ್‌ಕ್ಯೂಎಂಗೆ ಸಿಗದಂತೆ ದಾಟಿಸಿಬಿಡುತ್ತದೆ. ಆಫ್ ಮಾಡಿದ ಮೇಲೆ ಪಿಂಗ್ 30ರ ಆಸುಪಾಸಿನಲ್ಲಿ ನಿಂತಿತು.

ನಿನ್ನೆ ಬ್ಯಾಕಪ್ ನಡೆಯುತ್ತಿರುವಾಗಲೇ ಮುಕ್ಕಾಲು ಗಂಟೆ ಮಾತಾಡಿದೆವು. ನಮ್ಮನೆ ಕುಕ್ಕರ್ ಕೂಗಿದ್ದು ಅಮ್ಮನಿಗೆ ಅಲ್ಲಿಂದಲೇ ಕೇಳಿಸಿತು. "ಮೂರಾಯ್ತು, ಗ್ಯಾಸ್ ಆಫ್ ಮಾಡು ಹೋಗು" ಅಂದರು.